ಇಂದುಮತಿ ಮೇಡಂ ಕಾಯಿಸಿದ ಬಿಯರ್

ಇಂದುಮತಿ ಮೇಡಂ ತಮ್ಮ ಕೈಗೆ ಬಂದದ್ದನ್ನೆಲ್ಲ ಮೊದಲು ಮೂಸಿ ನೋಡುತ್ತಿದ್ದರು. ಉತ್ತರಪತ್ರಿಕೆ, ಬಸ್ಸಿನ ಟಿಕೀಟು, ಮದುವೆಯ ಕರೆಯೋಲೆ, ಯಾವುದನ್ನೂ ಬಿಡುತ್ತಿರಲಿಲ್ಲ. ರೋಣದ ಕಾಲೇಜಿನಲ್ಲಿ ನಾನು ಪಿಯುಸಿ ಓದುವಾಗ ಅವರು ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಒಮ್ಮೆ ನನ್ನ ಪ್ರಯೋಗದ ವಹಿಯನ್ನು ಮೂಗಿನ ಹತ್ತಿರ ಹಿಡಿದು, "ಶರಣು, ಇದನ್ನ ನೀ ಲ್ಯಾಬಿನ್ಯಾಗ ಬರದಿಲ್ಲ. ಒಗ್ಗರಣಿ ವಾಸನಿ ಬರಾಕಹತ್ತೇತಿ. ಅಡಗಿಮನ್ಯಾಗ ಕುಂತು ಯಾರದೋ ನೋಡಿ ಬರದಿ" ಅಂದರು. ಮಾತು ಖರೆಯಾಗಿತ್ತು. ಸವಡಿಯ ನಮ್ಮ ಮನೆಯಲ್ಲಿ ಅವ್ವ ಪಲ್ಯಕ್ಕೆ ಒಗ್ಗರಣೆ ಕೊಡುತ್ತಿದ್ದಾಗ ಪಕ್ಕದಲ್ಲಿ ಕೂತು ಗೆಳೆಯನ ವಹಿ ನೋಡಿ ಇಳಿಸಿದ್ದೆ. ಅವರು ಬೈಯಲಿಲ್ಲ. ವಹಿಯನ್ನು ತಿರುಗಿ ಕೊಟ್ಟು, "ಊಹಾ ಬ್ಯಾಡ. ಕಂಡದ್ದಷ್ಟ ಬರಿ" ಅಂದರು. ಮೂವತ್ತು ವರ್ಷ ಅವರು ಮಕ್ಕಳಿಗೆ ಹೇಳಿಕೊಂಡು ಬಂದದ್ದು ಇದೊಂದೇ ಮಾತು.

ಆ ಮೂಗನ್ನು ಕೊರೊನಾ ಕಸಿದುಕೊಂಡಿತು. ಜ್ವರ ಇಳಿದು ಎರಡು ವರ್ಷವಾದರೂ ವಾಸನೆ ಅರ್ಧ ಮಾತ್ರ ತಿರುಗಿ ಬಂದಿತ್ತು. ಬೆಳ್ಳುಳ್ಳಿ ತಿಳಿಯುತ್ತಿತ್ತು, ಮಲ್ಲಿಗೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಅವರು ನಿವೃತ್ತಿಯಾಗಿ ಗಜೇಂದ್ರಗಡದಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ಮನೆ ಮಾಡಿದ್ದರು. ಮದುವೆಯಾಗಿರಲಿಲ್ಲ. ತವರು ನರಗುಂದ. ಅಲ್ಲಿ ಒಬ್ಬ ತಂಗಿ ಇದ್ದಳು. ನಾನು ಅದೇ ಊರಿನ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟು ಹದಿನಾರು ವರ್ಷವಾಗಿತ್ತು.

ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಗಿರಾಕಿ ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದರು. ಆಮೇಲೆ ಪರ್ಸಿನಿಂದ ಒಂದು ಪೊಟ್ಟಣ ತೆಗೆದರು. ಒಳಗೆ ಹಸಿರು ಗುಳಿಗೆಗಳಿದ್ದವು. ನೋಡಿದರೆ ದನದ ಹಿಂಡಿಯ ಹಾಗಿದ್ದವು.

"ಮೂಸು."

ಮೂಸಿದೆ. ಹಿಂಡಿಯಲ್ಲ ಎಂದು ಕೂಡಲೇ ತಿಳಿಯಿತು.

"ಏನ್ರಿ ಮೇಡಂ ಇದು?"

"ಅದನ್ನ ನಾ ಹೇಳೂದಿಲ್ಲ. ನಿನಗ ಏನ್ ಬಂತು ಹೇಳು."

"ಪೇರಲ ಹಣ್ಣು. ಭಾಳ ಮಾಗಿದ್ದು. ಆಮ್ಯಾಲೆ ಗಜನಿಂಬಿ ಸಿಪ್ಪಿ. ಹಿಂದ ಎಲ್ಲೋ ಹಸಿ ಹುಲ್ಲು."

ಒಂದು ಸಣ್ಣ ವಹಿ ತೆಗೆದು ಅದನ್ನೆಲ್ಲ ಬರೆದುಕೊಂಡರು. ಬರೆದು ಮುಗಿಸಿ, ಪೆನ್ನಿನ ಟೊಪ್ಪಿಗೆ ಹಾಕುತ್ತ, "ನನಗ ಬರೇ ಹುಲ್ಲಷ್ಟ ಬಂತು" ಅಂದರು. ಅವರ ಧ್ವನಿ ಅಷ್ಟು ಸಣ್ಣದಾಗಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಅದು ಹಾಪ್ಸ್ ಎಂಬ ಬಳ್ಳಿಯ ಹೂವು, ಒಣಗಿಸಿ ಒತ್ತಿದ್ದು. ಬಿಯರಿಗೆ ಕಹಿಯೂ ಪರಿಮಳವೂ ಅದರಿಂದಲೇ ಬರುತ್ತದಂತೆ. ನಮ್ಮ ಮೇಡಂ ಮನೆಯಲ್ಲಿ ಬಿಯರ್ ಕಾಯಿಸುತ್ತಿದ್ದಾರೆ ಎಂಬುದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ವಿಭೂತಿ ಹಚ್ಚಿಕೊಳ್ಳುವ, ಉಳ್ಳಾಗಡ್ಡಿಯನ್ನೂ ಸೋಮವಾರ ಬಿಡುವ ಹೆಂಗಸು. ನನ್ನ ಮುಖ ನೋಡಿ ಅವರೇ ಹೇಳಿದರು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ ಪುಣೆಯ ಕಡೆಯ ಒಂದು ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವರಿಗೆ ನೌಕರಿ ಸಿಕ್ಕಿತ್ತು. ನೇಮಕದ ಪತ್ರವನ್ನು ಅಪ್ಪ ಓದಿ ಒಲೆಗೆ ಹಾಕಿದರು.

"ಬೈಲಿಲ್ಲ, ಬಡೀಲಿಲ್ಲ. 'ನಮ್ಮ ಮನಿ ಹೆಣ್ಮಗಳು ಸೆರಿ ಕಾಯಸಾಕ ಹೋಗೂದಿಲ್ಲ' ಅಂದ್ರು, ಊಟಕ್ಕ ಕುಂತ್ರು. ನಾನ ನೀಡಿದೆ."

ಅವರು ಕೇಳಿದ್ದು ಎರಡು ಉಪಕಾರ. ಹಾಪ್ಸಿನ ಪೊಟ್ಟಣಗಳು ಪುಣೆಯಿಂದ ಕೊರಿಯರಿನಲ್ಲಿ ಬರುತ್ತಿದ್ದವು. ಮನೆಗೆ ಬಂದರೆ ಓಣಿಯವರು ಬಿಚ್ಚಿ ನೋಡುತ್ತಾರೆ. ಬೀಜದ ಅಂಗಡಿಗೆ ಯಾವ ಪೊಟ್ಟಣ ಬಂದರೂ ಯಾರೂ ಕೇಳುವುದಿಲ್ಲ. ಎರಡನೆಯದು ನನ್ನ ಮೂಗು. "ದಿನಾ ಕ್ರಿಮಿನಾಶಕದ ವಾಸನಿ ಕುಡದ ಮೂಗು ಹೌದು. ಆದ್ರೂ ಇದ್ದದ್ದು ಅದ ಒಂದು" ಅಂದರು.

ಮನೆಯಲ್ಲಿ ಕಾಯಿಸುವುದು ಕಾನೂನಿಗೆ ವಿರುದ್ಧ ಎಂಬುದು ಇಬ್ಬರಿಗೂ ಗೊತ್ತಿತ್ತು. ನನಗೆ ಅಂಗಡಿಯ ಲೈಸೆನ್ಸಿನ ಹೆದರಿಕೆಯೂ ಇತ್ತು. ಒಲ್ಲೆ ಅನ್ನಲು ಬಾಯಿ ತೆರೆದೆ. ಆದರೆ ಅವರು ಪೊಟ್ಟಣವನ್ನು ಮತ್ತೊಮ್ಮೆ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಏನಾದರೂ ಬಂದೀತೇ ಎಂದು ಕಾಯುತ್ತ ಕೂತಿದ್ದರು. ಹೂಂ ಅಂದೆ.

ಹಿತ್ತಲ ಕೋಣೆಯೇ ಅವರ ಕಾರ್ಖಾನೆ. ಮೊಳಕೆ ಕಟ್ಟಿ ಒಣಗಿಸಿದ ಜವೆಗೋದಿಯನ್ನು ಮಿಕ್ಸರಿನಲ್ಲಿ ತರಿತರಿಯಾಗಿ ಒಡೆದು, ಬಿಸಿನೀರಿನಲ್ಲಿ ತಾಸುಗಟ್ಟಲೆ ಇಟ್ಟು, ಸಿಹಿ ಇಳಿದ ಮೇಲೆ ಸೋಸಿ ಒಂದು ತಾಸು ಕುದಿಸುತ್ತಿದ್ದರು. ಕಹಿಗೆ ಬೇಕಾದ ಹಾಪ್ಸ್ ಕುದಿಯ ಮೊದಲಿಗೆ, ಪರಿಮಳದ ಹಾಪ್ಸ್ ಒಲೆ ಆರಿಸಿದ ಮೇಲೆ. ಆಮೇಲೆ ತಣಿಸಿ, ಯೀಸ್ಟ್ ಹಾಕಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನಿಗೆ ತುಂಬಿ, ಕ್ಯಾನನ್ನು ಟಬ್ಬಿನೊಳಗೆ ನಿಲ್ಲಿಸಿ, ಸುತ್ತ ಒದ್ದೆ ಗೋಣಿತಾಟು ಹೊದಿಸುತ್ತಿದ್ದರು. ನಮ್ಮ ಕಡೆಯ ಸೆಕೆಗೆ ಯೀಸ್ಟ್ ಕೆರಳುತ್ತದೆ. ಮೂರು ತಾಸಿಗೊಮ್ಮೆ ಎದ್ದು ಟಬ್ಬಿಗೆ ಬರ್ಫದ ಬಾಟಲಿ ಹಾಕಬೇಕು. ಹುಳಿಯುವುದು ತಗ್ಗಿದ ಮೇಲೆ ಇನ್ನೊಂದು ಮುಷ್ಟಿ ಹಾಪ್ಸನ್ನು ಹಾಗೆಯೇ ಹಸಿಯಾಗಿ ಒಳಗೆ ಬಿಡಬೇಕು. ಒಟ್ಟು ಹತ್ತು ಲೀಟರು. ಅವರು ಎರಡು ಚಮಚ ಕುಡಿಯುತ್ತಿದ್ದರು, ನಾನು ಒಂದು ಲೋಟ. ಉಳಿದದ್ದು ನುಗ್ಗಿಗಿಡದ ಬುಡಕ್ಕೆ. ಇನ್ನೊಬ್ಬರಿಗೆ ಒಂದು ಬಾಟಲಿಯನ್ನೂ ಕೊಡಲಿಲ್ಲ. "ಕುಡಸೂದು ನನ್ನ ಕೆಲಸ ಅಲ್ಲ. ಹ್ಯಾಂಗ ಆಕ್ಕೇತಿ ನೋಡೂದು ನನ್ನ ಕೆಲಸ" ಅನ್ನುತ್ತಿದ್ದರು.

ಒಮ್ಮೆ ಕುದಿಯ ಕೊನೆಯ ಹತ್ತು ನಿಮಿಷ ಉಳಿದಿದ್ದಾಗ ಬಾಗಿಲು ಬಡಿದ ಸಪ್ಪಳವಾಯಿತು. ಪಕ್ಕದ ಮನೆಯಾಕೆ. ನಾನು ಹಿತ್ತಲ ಕೋಣೆಯಲ್ಲೇ ಉಳಿದೆ.

"ಏನ್ ಕುದಸಾಕಹತ್ತೀರಿ ಬಾಯಾರ? ಹುಗ್ಗಿ ವಾಸನಿ ಓಣಿ ತುಂಬ ಐತಿ."

"ಜವಿಗೋದಿ ಗಂಜಿ" ಅಂದರು ಮೇಡಂ.

ಆಕೆ ಕುಳಿತಳು, ಸೊಸೆಯ ಸುದ್ದಿ ತೆಗೆದಳು. ಒಳಗೆ ಹಂಡೆ ಕುದಿಯುತ್ತಿತ್ತು. ಯಾವ ಪೊಟ್ಟಣ ಯಾವಾಗ ಹಾಕಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಸ್ಟೋವು ಆರಿಸಿದರೆ ಸಪ್ಪಳ ನಿಂತದ್ದು ಹೊರಗೆ ಕೇಳುತ್ತದೆ. ಆಕೆ ಹೋಗುವ ಹೊತ್ತಿಗೆ ಪಾಕ ಮೂರು ಬೆರಳು ಇಂಗಿತ್ತು. ಮೇಡಂ ಬಂದು ಹಂಡೆ ನೋಡಲಿಲ್ಲ. ಗೋಡೆಗೆ ಆತು ನಿಂತು, "ಅರ್ಧ ಸುಳ್ಳು ಹೇಳಿದೆ, ಶರಣು" ಅಂದರು. "ಗಂಜಿ ಅಂತೂ ಹೌದಲ್ರಿ" ಅಂದೆ. "ಅದಕ್ಕ ಅರ್ಧ ಅಂದದ್ದು" ಅಂದರು. ಆ ದಿನದ ಇಡೀ ಪಾಕವನ್ನು ಚೆಲ್ಲಿಸಿದರು.

ಹಾಪ್ಸಿನ ವಿಷಯದಲ್ಲಿ ಅವರಿಗೆ ಹಟ ಹೆಚ್ಚು. ಹೆಸರಾದ ತಳಿಗಳು ಅವರಿಗೆ ಬೇಡ. "ಅದರ ಉತ್ತರ ಪುಸ್ತಕದಾಗ ಐತಿ" ಅನ್ನುತ್ತಿದ್ದರು. ಇನ್ನೂ ಹೆಸರಿಡದ, ಬರೀ ಅಂಕಿಯಿಂದ ಕರೆಯುವ ಪ್ರಯೋಗದ ತಳಿಗಳನ್ನೇ ಹುಡುಕಿ ತರಿಸುತ್ತಿದ್ದರು. ಒಂದು ತಳಿ ಹಾಕಿದ ಬಿಯರು ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ನಾರಿತು. ಇನ್ನೊಂದು ತೆಂಗಿನೆಣ್ಣೆಯ ಹಾಗೆ. ಎರಡೂ ಸಲ ನಾನು ಮುಖ ಕಿವುಚಿದೆ, ಅವರು ಹಿಗ್ಗಿನಿಂದ ಬರೆದುಕೊಂಡರು. ವಹಿಯಲ್ಲಿ ಎರಡು ಸಾಲುಗಳಿದ್ದವು. ಅವರದು 'ಮೂಗು ಒಂದು', ನನ್ನದು 'ಮೂಗು ಎರಡು'. ಮೂಗು ಒಂದರ ಸಾಲಿನಲ್ಲಿ ಹೆಚ್ಚಾಗಿ 'ಇಲ್ಲ' ಎಂದೇ ಇರುತ್ತಿತ್ತು.

ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಬಂದ ಒಂದು ತಳಿಗೆ ಅಂಕಿಯೂ ಇರಲಿಲ್ಲ. ಹಿಮಾಚಲದ ಯಾವುದೋ ಕಣಿವೆಯ ರೈತರು ಬೆಳೆದ ಹೂವು. ಅದನ್ನು ಹಸಿಯಾಗಿ ಕ್ಯಾನಿಗೆ ಬಿಟ್ಟ ಮೂರನೆಯ ದಿನ ಮುಚ್ಚಳ ತೆಗೆದೆ. ಮೊದಲ ಮಳೆ ಬಿದ್ದ ಎರಿಮಣ್ಣು, ಅದರ ಮೇಲೆ ಕಿತ್ತಳೆಯ ಸಿಪ್ಪೆ ಹಿಂಡಿದ ಹಾಗೆ. ಮೇಡಂ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

"ಕಿತ್ತಳಿ ಬಂತು ಶರಣು. ನನಗ ಕಿತ್ತಳಿ ಬಂತು."

ಅಂದು ಮಂಗಳವಾರ. ಇನ್ನೆರಡು ದಿನ ಬಿಟ್ಟು ಬಾಟಲಿಗೆ ತುಂಬುವುದೆಂದು ಆಯಿತು.

ಈಗ ಆ ಕ್ಯಾನುಗಳ ವಿಷಯ. ಓಣಿಗೂ ನನ್ನ ಅಂಗಡಿಗೂ ಕುಡಿಯುವ ನೀರು ತರುತ್ತಿದ್ದವನು ಮಾಬುಸಾಬ. ಮೂರು ಗಾಲಿಯ ಟಂಟಂ ಗಾಡಿಯಲ್ಲಿ ತುಂಬಿದ ಕ್ಯಾನು ತಂದು, ಖಾಲಿ ಕ್ಯಾನು ಒಯ್ಯುತ್ತಿದ್ದ. ಐದು ಹೊತ್ತಿನ ನಮಾಜು ತಪ್ಪಿಸದವ, ಹೆಚ್ಚು ಮಾತಾಡದವ. ಮೇಡಂ ಅವನ ಕ್ಯಾನಿನಲ್ಲೇ ಬಿಯರು ಹುಳಿಯಲು ಇಡುತ್ತಿದ್ದರು. ಅವನಿಗೆ ಹೇಳಿರಲಿಲ್ಲ. ಒಂದು ಪಾಕ ಮುಗಿದ ಮೇಲೆ ಸೋಡಾ ಹಾಕಿ ಕ್ಯಾನು ತೊಳೆಯುವುದು ಅವರ ಕೆಲಸ. ವಾಸನೆ ಉಳಿದಿದೆಯೋ ಇಲ್ಲವೋ ಎಂದು ಮೂಸಿ ನೋಡಿ ತಿರುಗಿ ಕೊಡುವುದು ನನ್ನ ಕೆಲಸ.

ಆ ಮಂಗಳವಾರವೇ ಮೂಲೆಯಲ್ಲಿ ಹಿಂದಿನ ಪಾಕದ ಖಾಲಿ ಕ್ಯಾನು ಇತ್ತು. ಹೊರಗೆ ಮಾಬುಸಾಬ ಹಾರ್ನು ಹಾಕಿದ. ಅಂಗಡಿಯಲ್ಲಿ ಜಕ್ಕಲಿಯ ರೈತರು ಕಡಲೆ ಬೀಜಕ್ಕೆ ಕಾಯುತ್ತಿದ್ದರು, ಎರಡು ಸಲ ಫೋನು ಬಂದಿತ್ತು. ಮೇಡಂ ಅದನ್ನು ತೊಳೆದಿರಬೇಕೆಂದು ಊಹಿಸಿ ನಾನು ಕ್ಯಾನು ಎತ್ತಿಕೊಂಡು ಹೋಗಿ, ಮುಚ್ಚಳ ತೆಗೆಯದೆಯೇ ಅವನ ಗಾಡಿಯಲ್ಲಿಟ್ಟೆ.

ಆ ವಾರ ನಮ್ಮ ಭಾಗದ ಒಂದು ಹಳ್ಳಿಯಲ್ಲಿ ಕಳ್ಳಬಟ್ಟಿ ಸಾರಾಯಿ ಕುಡಿದು ಇಬ್ಬರು ಕಣ್ಣು ಕಳೆದುಕೊಂಡಿದ್ದರು. ಅಬಕಾರಿಯವರು ರಸ್ತೆರಸ್ತೆಯಲ್ಲಿ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಅಂದು ಸಂಜೆ ಊರ ಹೊರಗೆ ಮಾಬುಸಾಬನ ಟಂಟಂ ನಿಲ್ಲಿಸಿ ಖಾಲಿ ಕ್ಯಾನುಗಳ ಮುಚ್ಚಳ ತೆಗೆದರು. ಒಂದರ ತಳದಲ್ಲಿ ಗಸಿ, ಹುಳಿಬಂದ ಕಾಳಿನ ವಾಸನೆ. ನೀರಿನ ಕ್ಯಾನಿನಲ್ಲಿ ಸಾರಾಯಿ ಸಾಗಿಸುತ್ತಾನೆಂದು ಅವನನ್ನು ರೋಣಕ್ಕೆ ಒಯ್ದರು.

ನನಗೆ ತಿಳಿದದ್ದು ಬುಧವಾರ ಬೆಳಗ್ಗೆ, ಅಂಗಡಿಯ ಬಾಗಿಲಲ್ಲಿ. ಹೇಳಿದವನು ನಗುತ್ತ ಹೇಳಿದ. "ನಮಾಜು ಮಾಡಿ ಹಣೀ ಮ್ಯಾಲ ಕಲಿ ಬಿದ್ದೇತಿ, ಗಾಡ್ಯಾಗ ನೋಡಿದ್ರ ಸೆರಿ. ಶುಕ್ರವಾರ ಮಗಳನ್ನ ನೋಡಾಕ ನರಗುಂದದ ಮಂದಿ ಬರೂದಿತ್ತು. ಇನ್ನೆಲ್ಲಿ ಬರ್ತಾರ."

ಕೈಯಲ್ಲಿದ್ದ ತಕ್ಕಡಿಯ ಗುಂಡನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ. ಮೇಡಂ ಮನೆಗೆ ಹೋದೆ. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮೇಜಿನ ಮೇಲೆ ಕನ್ನಡಕ ಇಟ್ಟು ಕೂತಿದ್ದರು.

"ಆ ಕ್ಯಾನು ನಮ್ಮದ" ಅಂದರು.

ನಾನು ಮೂಸಲಿಲ್ಲ ಎಂದು ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾನು ಹೇಳಿದ್ದು ಬೇರೆ. "ಸುಮ್ನಿರ್ರಿ ಮೇಡಂ. ಎಪ್ಪತ್ತು ಮನಿ ಕ್ಯಾನ್ ಒಯ್ತಾನ. ಯಾರದಂತ ಹ್ಯಾಂಗ ಗೊತ್ತಾಕ್ಕೇತಿ? ಎರಡು ದಿನ ಇಟ್ಕೊಂಡು ಬಿಡ್ತಾರ."

"ಬಿಡ್ತಾರ ಅನ್ನೂದು ಊಹಾ."

"ನಿಮ್ಮ ಮಾನ ಹೋಗ್ತೇತ್ರಿ. ಪೆನ್ಶನ್ನಿಗೆ ಏನಾರ ಆದ್ರ? ನನ್ನ ಅಂಗಡಿ..." ಅಷ್ಟಕ್ಕೆ ನಿಲ್ಲಿಸಿದೆ.

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಬರೆಯದೆ ಕೂತ ಹುಡುಗನನ್ನು ನೋಡುವ ಹಾಗೆ ನೋಡಿದರು. "ನೀ ಅಂಗಡಿಗೆ ಹೋಗು" ಅಂದರು. ಹಿತ್ತಲ ಕೋಣೆಗೆ ಹೋಗಿ, ಇನ್ನೂ ಬಾಟಲಿಗೆ ತುಂಬದ, ಕಿತ್ತಳೆಯ ವಾಸನೆಯ ಆ ಬಿಯರನ್ನು ಒಂದು ಸ್ಟೀಲಿನ ಕ್ಯಾರಿಯರಿಗೆ ಸುರಿದುಕೊಂಡು ಮುಚ್ಚಳ ಬಿಗಿದರು. ಅದನ್ನು ಕೈಚೀಲದಲ್ಲಿಟ್ಟು, ಬಾಗಿಲಿಗೆ ಬೀಗ ಹಾಕಿ, ರೋಣದ ಬಸ್ಸಿಗೆ ನಡೆದರು. ನಾನು ಅಂಗಡಿಗೆ ಹೋಗಲಿಲ್ಲ. ಮೋಟರ್ ಸೈಕಲ್ ಹಾಕಿಕೊಂಡು ಬಸ್ಸಿನ ಹಿಂದೆಯೇ ಹೋದೆ. ಎರಡು ಸಲ ಬಸ್ಸನ್ನು ದಾಟಿದೆ, ಎರಡು ಸಲವೂ ನಿಧಾನ ಮಾಡಿ ಹಿಂದೆ ಬಿದ್ದೆ.

ಅಬಕಾರಿ ಕಚೇರಿಯ ಪಡಸಾಲೆಯಲ್ಲಿ ಹತ್ತಾರು ಜನ ನಿಂತಿದ್ದರು. ನಾನೂ ಅವರೊಳಗೆ ಒಬ್ಬನಾಗಿ ಬಾಗಿಲ ಪಕ್ಕಕ್ಕೆ ನಿಂತೆ. ಒಳಗೆ ಮಾಬುಸಾಬ ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಟೊಪ್ಪಿಗೆ ಕೈಯಲ್ಲಿತ್ತು. ಮೇಡಂ ಒಳಗೆ ಕಾಲಿಟ್ಟ ಕೂಡಲೇ ಎದ್ದು ನಿಂತ.

"ನೀವ್ಯಾಕ ಬಂದ್ರಿ ಬಾಯಾರ?" ಅಂದ.

ಮೇಡಂ ಅವನ ಎದುರಿಗೆ ಹೋಗಿ ನಿಂತರು. "ನಿಮ್ಮ ಕ್ಯಾನ್ ನಿಮಗ ಕೇಳದ ಬಳಸೀನಿ ಮಾಬುಸಾಬರ. ತಪ್ಪು ನಂದು" ಅಂದರು. ಆಮೇಲೆ ಅಧಿಕಾರಿಯ ಮೇಜಿಗೆ ಬಂದು ಕ್ಯಾರಿಯರಿನ ಮುಚ್ಚಳ ತೆಗೆದಿಟ್ಟರು.

"ಸಾಹೇಬ್ರ, ಇದು ಬಿಯರ್. ಕಳ್ಳಬಟ್ಟಿ ಅಲ್ಲ. ಮನ್ಯಾಗ ನಾ ಕಾಯಿಸಿದ್ದು. ನೀವು ಹಿಡದ ಕ್ಯಾನು, ಇದು, ಎರಡೂ ಮೂಸಿ ನೋಡ್ರಿ. ಅಡಿಗಿನ ಗಸಿ ಒಂದ ಥರ ಐತಿ. ಬೇಕಾರ ಪರೀಕ್ಷಾಕ್ಕ ಕಳಸ್ರಿ."

ಅಧಿಕಾರಿ ನಲವತ್ತರ ಆಸುಪಾಸಿನವರು, ಎರಡು ದಿನ ನಿದ್ದೆ ಕೆಟ್ಟ ಕಣ್ಣು. ಮೊದಲು ಈ ಹೆಂಗಸಿನ ತಲೆ ಸರಿಯಿಲ್ಲ ಎಂದುಕೊಂಡ ಹಾಗೆ ನೋಡಿದರು. ಕ್ಯಾನು ತರಿಸಿ ಮೂಸಿದರು, ಕ್ಯಾರಿಯರು ಮೂಸಿದರು. ಮತ್ತೆ ಕ್ಯಾರಿಯರನ್ನೇ ಮೂಸಿದರು.

"ಎಲ್ಲಿ ಕಲತ್ರಿ ಮೇಡಂ ಇದನ್ನ?"

"ಧಾರವಾಡದಾಗ. ಮೂವತ್ತು ವರ್ಷ ಪುಸ್ತಕದಾಗ ಕಲಿಸೀನಿ. ನಾಲ್ಕು ವರ್ಷ ಆತು ಕೈಯಾರೆ ಮಾಡಾಕಹತ್ತಿ."

"ಮಾರೀರಿ?"

"ಇಲ್ಲ."

"ಇದರ ಮ್ಯಾಲ ಕೇಸ್ ಮಾಡಬೇಕಾಕ್ಕೇತಿ. ತಿಳದ ಬಂದೀರೇನು?"

"ತಿಳದ ಬಂದೀನ್ರಿ. ಅವರನ್ನ ಬಿಡ್ರಿ, ಆಮ್ಯಾಲೆ ನಂದು ಬರಕೋರಿ."

ಮಧ್ಯಾಹ್ನ ಜೀಪು ಗಜೇಂದ್ರಗಡಕ್ಕೆ ಬಂತು. ಮೇಡಂ ಹಿಂದಿನ ಸೀಟಿನಲ್ಲಿದ್ದರು. ನಾನು ಮೋಟರ್ ಸೈಕಲ್ ಮೇಲೆ ಅವರಿಗಿಂತ ಮೊದಲೇ ಬಂದು ಓಣಿಯ ಬಾಯಲ್ಲಿ ನಿಂತಿದ್ದೆ. ಮನೆ ಜಪ್ತಿಗೆ ಸಾಕ್ಷಿಯಾಗಿ ಸಹಿ ಮಾಡಲು ಇಬ್ಬರು ಪಂಚರು ಬೇಕಿತ್ತು. ಅಧಿಕಾರಿ ಸುತ್ತ ನೋಡಿ, ನನ್ನತ್ತ ಬೆರಳು ಮಾಡಿ, "ನೀವು ಪೇಟ್ಯಾಗ ಬೀಜದ ಅಂಗಡಿಯವ್ರಲ್ಲೇನ್ರಿ? ಬರ್ರಿ" ಅಂದರು. ಇಲ್ಲ ಅನ್ನಲು ಕಾರಣ ಏನು ಹೇಳಲಿ? ಹೋದೆ.

ಹಿತ್ತಲ ಕೋಣೆಯಲ್ಲಿ ನನಗೆ ಗೊತ್ತಿಲ್ಲದ ಒಂದು ಸಾಮಾನೂ ಇರಲಿಲ್ಲ. ಹಂಡೆ, ಟಬ್ಬು, ಗೋಣಿತಾಟು, ಬಾಟಲಿ, ಎಲ್ಲವನ್ನೂ ಮೊದಲ ಸಲ ಕಂಡವನ ಹಾಗೆ ನೋಡುತ್ತ ನಿಂತೆ. ಬರೆಯುತ್ತಿದ್ದವನು ಹಾಪ್ಸಿನ ಪೊಟ್ಟಣ ನೋಡಿ 'ದನದ ಹಿಂಡಿ' ಎಂದು ಬರೆದ. ಮೇಡಂ ತಿದ್ದಿಸಿದರು. "ಹಾಪ್ಸ್ ಅಂತ ಬರೀರಿ. ಕಂಡದ್ದಷ್ಟ ಬರೀರಿ." ಓಣಿಯ ಹೆಂಗಸರು ಬಾಗಿಲ ತುಂಬ ನಿಂತು ನೋಡುತ್ತಿದ್ದರು. ಪಕ್ಕದ ಮನೆಯಾಕೆ ಎಲ್ಲರಿಗಿಂತ ಮುಂದಿದ್ದಳು.

ಕೊನೆಗೆ ವಹಿ ಸಿಕ್ಕಿತು. ಅಧಿಕಾರಿ ಪುಟ ತಿರುವುತ್ತ ನಿಂತರು.

"ಮೂಗು ಒಂದು, ಮೂಗು ಎರಡು ಅಂತ ಬರದೀರಿ. ಏನಿದು?"

"ಮೂಗು ಒಂದು ನಂದು."

"ಎರಡು?"

ಕೋಣೆ ಸಣ್ಣದು. ಮೇಡಂ ಮತ್ತು ನನ್ನ ನಡುವೆ ಎರಡು ಮಾರು ಅಂತರ ಇದ್ದೀತು. ಅವರು ನನ್ನ ಕಡೆ ನೋಡಲಿಲ್ಲ. ಸುಳ್ಳು ಹೇಳುವುದು ಅವರಿಗೆ ಬರುತ್ತಿರಲಿಲ್ಲ. ಅರ್ಧ ಸುಳ್ಳಿಗೆ ಹತ್ತು ಲೀಟರು ಪಾಕ ಚೆಲ್ಲಿದವರು. ನಾನು ಒಂದು ಹೆಜ್ಜೆ ಮುಂದಿಟ್ಟು 'ನಂದ್ರಿ' ಅನ್ನಬೇಕಿತ್ತು. ಕಾಲು ಏಳಲಿಲ್ಲ.

"ಅದನ್ನ ನಾ ಹೇಳೂದಿಲ್ಲ" ಅಂದರು ಮೇಡಂ. "ಕೇಳಿದ್ವಿ, ಹೇಳಲಿಲ್ಲ ಅಂತ ಬರಕೋರಿ. ಕಾಯಿಸಿದಾಕಿ ನಾನು."

ಅಧಿಕಾರಿ ವಹಿ ಮುಚ್ಚಿದರು. ಬರೆದದ್ದರ ಕೆಳಗೆ ಪಂಚನೆಂದು ನಾನು ಸಹಿ ಮಾಡಿದೆ. ಸಹಿ ಮಾಡಿದ ಪೆನ್ನು ಮೇಡಂ ಅವರದೇ.

ಮಾಬುಸಾಬ ಅಂದು ಸಂಜೆ ಮನೆಗೆ ಬಂದ. ಆದರೆ ಮೇಡಂಗೆ ಅಷ್ಟು ಸಾಲಲಿಲ್ಲ. ಮರುದಿನ, ಗುರುವಾರ, ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಅವನ ಓಣಿಗೆ ಹೋಗಿ ಮಸೀದಿಯ ಎದುರಿನ ಕಟ್ಟೆಯ ಹತ್ತಿರ ನಿಂತರು. ಹೊರಗೆ ಬಂದ ಹಿರಿಯರಿಗೆ ಕೈಮುಗಿದು, "ಆ ಕ್ಯಾನಿನ್ಯಾಗಿನ ಗಸಿ ನಂದು. ಮಾಬುಸಾಬರಿಗೆ ಏನೂ ಗೊತ್ತಿರಲಿಲ್ಲ. ನಾಳೆ ಅವರ ಮನಿಗೆ ಬರೂ ಮಂದಿಗೆ ಯಾರರ ಬ್ಯಾರೆ ಹೇಳಿದ್ರ ನನ್ನ ಹೆಸರು ಹೇಳ್ರಿ. ಗುಡ್ಡದ ಕೆಳಗ ನಾಲ್ಕನೇ ಮನಿ" ಅಂದರು. ಒಬ್ಬ ಮುದುಕರು ಅವರಿಗೆ ಕುರ್ಚಿ ತರಿಸಿದರು. ಅವರು ಕೂರಲಿಲ್ಲ. ಶುಕ್ರವಾರ ನರಗುಂದದವರು ಬಂದರು, ಹುಡುಗಿಯನ್ನು ಒಪ್ಪಿದರು.

ರೋಣದ ಕೋರ್ಟಿನಲ್ಲಿ ಮೇಡಂ ತಪ್ಪು ಒಪ್ಪಿ ದಂಡ ಕಟ್ಟಿದರು. ವಕೀಲರು ವಯಸ್ಸಿನ ಕಾರಣ ಹೇಳಲು ಹೋದಾಗ, "ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ" ಅಂದರಂತೆ. ಕಾಲೇಜಿನ ಸಮಾರಂಭಕ್ಕೆ ಅಚ್ಚಾದ ಕರೆಯೋಲೆಯಲ್ಲಿ ಅವರ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದರು. ಪುರಾಣಕ್ಕೆ ಕರೆಯುತ್ತಿದ್ದ ಹೆಂಗಸರು ಕರೆಯುವುದನ್ನು ಬಿಟ್ಟರು. ಮಾಬುಸಾಬ ಮಾತ್ರ ನೀರು ತರುವುದನ್ನು ಬಿಡಲಿಲ್ಲ. ಅವರ ಕ್ಯಾನು ಬಾಗಿಲಲ್ಲಿ ಇಡುವ ಬದಲು ಒಳಗೆ ಒಯ್ದು ಇಟ್ಟು ಬರುತ್ತಿದ್ದ.

ನಾನು ಎಂಟು ತಿಂಗಳು ಅವರ ಓಣಿಗೆ ಹೋಗಲಿಲ್ಲ. ಪೇಟೆಯಲ್ಲಿ ಕಂಡರೆ ಅವರೇ, "ಅರಾಮ ಅದಿಯೇನು?" ಎಂದು ಕೇಳುತ್ತಿದ್ದರು. ಹೂಂ ಎಂದು ಬೇರೆ ಕಡೆ ಹೊರಳುತ್ತಿದ್ದೆ. ಆಮೇಲೆ ಅವರಿಗೆ ಉಸಿರಾಟದ ತೊಂದರೆಯಾಗಿ ನರಗುಂದದ ತಂಗಿಯ ಮನೆಗೆ ಹೋದರೆಂದು ಕೇಳಿದೆ. ಅಂಗಡಿ ಮುಚ್ಚಿ ಹೋದೆ.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬಹಳ ಸಣ್ಣಗಾಗಿದ್ದರು. ತಂಗಿ ಚಹಾ ತರಲು ಒಳಗೆ ಹೋದಳು. ಆಕೆ ಹೊರಬರುವುದರೊಳಗೆ ಹೇಳಿಬಿಡಬೇಕೆಂದು ನಿಂತುಕೊಂಡೇ ಹೇಳಿದೆ.

"ಮೇಡಂ, ಅವತ್ತ ಆ ಕ್ಯಾನ್ ನಾ ಮೂಸಿರಲಿಲ್ಲ. ಮುಚ್ಚಳಾನ ತಗದಿರಲಿಲ್ಲ."

"ಗೊತ್ತಿತ್ತು" ಅಂದರು.

"ಹ್ಯಾಂಗ್ರಿ?"

"ನೀ ಮೂಸಿದ್ರ ಆ ವಾಸನಿ ನಿನಗ ಬರದ ಇರ್ತಿರಲಿಲ್ಲ. ನಿನ್ನ ಮೂಗು ಚಲೋ ಐತಿ."

ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು.

"ಮಾಬುಸಾಬರಿಗೆ ಹೇಳಿಯೇನು?"

"ಇಲ್ರಿ."

"ಮತ್ತ ನನಗ್ಯಾಕ ಹೇಳ್ತಿ, ಶರಣು? ರಾತ್ರಿಯೆಲ್ಲಾ ಅಲ್ಲಿ ಕುಂತಾವ್ರು ಅವರು."

ತಂಗಿ ಚಹಾ ತಂದಳು. ಕಪ್ಪನ್ನು ಕೈಗೆ ತೆಗೆದುಕೊಂಡು ಮೇಡಂ ಮೂಗಿನ ಹತ್ತಿರ ಒಯ್ದರು. "ಯಾಲಕ್ಕಿ ಹಾಕೀಯೇನು?" ಎಂದು ಕೇಳಿದರು. ಹಾಕಿದ್ದೇನೆಂದಳು ಆಕೆ. ಅವರು ತಲೆಯಾಡಿಸಿ ಕುಡಿದರು. ಅವರಿಗೆ ವಾಸನೆ ಬಂದಿತ್ತೋ ಇಲ್ಲವೋ ತಿಳಿಯಲಿಲ್ಲ.

ತಿರುಗಿ ಬರುವಾಗ ನೇರವಾಗಿ ಮಾಬುಸಾಬನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕ್ಯಾನು ತೊಳೆಯುತ್ತಿದ್ದ. ಮೊದಲಿನಿಂದ ಕಡೆಯವರೆಗೆ ಎಲ್ಲ ಹೇಳಿದೆ. ಹಾಪ್ಸಿನ ಪೊಟ್ಟಣ ನನ್ನ ಅಂಗಡಿಗೆ ಬರುತ್ತಿದ್ದದ್ದು, ಕ್ಯಾನು ಮೂಸದೆ ಕೊಟ್ಟದ್ದು, ಕಚೇರಿಯ ಬಾಗಿಲಲ್ಲಿ ನಿಂತದ್ದು. ಅವನು ನಳ ಬಂದ್ ಮಾಡಿ ಕೇಳಿದ.

"ಪಂಚರು ಅಂತ ಸಹಿ ಮಾಡಿದವ್ರು ನೀವ ಅಲ್ಲೇನ್ರಿ?"

"ಹೌದು."

"ಬಾಯಾರ ಮನ್ಯಾಗ ಏನೋ ಐತಿ ಅಂತ ನನಗ ಅವತ್ತ ಅನುಮಾನ ಇತ್ರಿ. ಸಾಹೇಬ್ರು ರಾತ್ರಿಯೆಲ್ಲಾ ಕೇಳಿದ್ರು. ಖಾತ್ರಿ ಇಲ್ಲದ ಒಬ್ಬ ಹೆಣ್ಮಗಳ ಹೆಸರು ಹ್ಯಾಂಗ ಹೇಳೂದಂತ ಸುಮ್ಮನಿದ್ದೆ." ಕೈಯಲ್ಲಿದ್ದ ಕ್ಯಾನನ್ನು ಬೋರಲು ಹಾಕಿ ಹೇಳಿದ. "ನಿಮಗ ಖಾತ್ರಿ ಇತ್ತು."

ಮತ್ತೆ ನಳ ಬಿಟ್ಟು ಕ್ಯಾನು ತೊಳೆಯತೊಡಗಿದ. ಮರುದಿನದಿಂದ ಅವನ ಟಂಟಂ ನನ್ನ ಅಂಗಡಿಯ ಮುಂದೆ ನಿಲ್ಲಲಿಲ್ಲ.

ಇಪ್ಪತ್ತು ದಿನಕ್ಕೆ ಮೇಡಂ ಹೋದರು. ನರಗುಂದದ ರುದ್ರಭೂಮಿಯಲ್ಲಿ ಹೆಚ್ಚು ಜನ ಇರಲಿಲ್ಲ. ಕಾಲೇಜಿನ ಕಡೆಯಿಂದ ಇಬ್ಬರು, ತಂಗಿಯ ಮನೆಯವರು, ಒಂದಿಷ್ಟು ಹಳೆಯ ವಿದ್ಯಾರ್ಥಿಗಳು. ಮಾಬುಸಾಬ ಗಜೇಂದ್ರಗಡದಿಂದ ಮೊದಲ ಬಸ್ಸಿಗೆ ಬಂದಿದ್ದ. ಕುಣಿಯ ಸುತ್ತ ಎಲ್ಲರೂ ಮಣ್ಣು ಹಾಕಲು ನಿಂತಾಗ ನಾನು ಹಿಂದೆಯೇ ಉಳಿದಿದ್ದೆ. ಅವನು ಹೊರಳಿ ನೋಡಿದ. ಒಂದು ಹೆಜ್ಜೆ ಸರಿದು, ತನ್ನ ಪಕ್ಕದಲ್ಲಿ ನನಗೆ ಜಾಗ ಮಾಡಿದ. ಹೋಗಿ ನಿಂತು ಮೂರು ಹಿಡಿ ಮಣ್ಣು ಹಾಕಿದೆ.

ಅಂಗಡಿಯ ನೀರನ್ನು ಮಾತ್ರ ಇವತ್ತಿಗೂ ನಾನೇ ಹೋಗಿ ತರುತ್ತೇನೆ.